ಕಡತ ಮೇಲೇರದೆ ನಿಂತಾಗ

ಮೋರಖಂಡಿಯ ಮನೆಯ ಗಣಕಯಂತ್ರದಿಂದ ಗೂಗಲ್ ಡ್ರೈವ್‌ಗೆ ಹಾಕಿದ ಹೊಲದ ಖರೀದಿಪತ್ರ ಹೈದರಾಬಾದಿನಲ್ಲಿರುವ ಮಗನಿಗೆ ಕಾಣದಿದ್ದರೆ ಹಿರಿಯರು ಗಾಬರಿಗೊಳ್ಳುವುದು ಸಹಜ. ಇಂಟರ್‌ನೆಟ್ ಇದೆಯೇ, ಎರಡೂ ಕಡೆ ಒಂದೇ ಖಾತೆ ತೆರೆದಿದೆಯೇ ಎಂದು ಮೊದಲು ನೋಡಬೇಕು. ಬಳಿಕ ಸ್ಥಳ. ಉಚಿತವಾಗಿ ದೊರೆಯುವ 15 ಜಿಬಿಯಲ್ಲಿಯೇ ಜಿಮೇಲ್ ಪತ್ರಗಳೂ 2021ರ ಜೂನ್ 1ರಿಂದೀಚೆಗೆ ಏರಿಸಿದ ಫೋಟೋಗಳೂ ಸೇರುತ್ತವೆ; ಒಂದು ಮದುವೆಯ ವಿಡಿಯೋ ಸಾಕು, ತುಂಬಿಹೋಗುತ್ತದೆ! ಆಗ ಹೊಸ ಕಡತ ಮೇಲೇರದು.

ಅನಾಹುತವಾಗುವುದು ಇಲ್ಲಿಯೇ. ಸ್ಥಳಕ್ಕಾಗಿ ಮನೆಯ ಯಂತ್ರದ ಡ್ರೈವ್ ಫೋಲ್ಡರಿನಲ್ಲಿ ಅಳಿಸಿದ್ದು ಮಗನ ಯಂತ್ರದಲ್ಲಿಯೂ ಅಳಿಯುತ್ತದೆ; ಕಸದಬುಟ್ಟಿಯಲ್ಲಿ ಉಳಿಯುವುದು 30 ದಿನ ಮಾತ್ರ. ಏರದ ಕಡತವಿರುವಾಗ ಖಾತೆಯ ಸಂಪರ್ಕವನ್ನು ಕಡಿಯಲೂಬಾರದು. 2023ರ ನವೆಂಬರಿನಲ್ಲಿ ಕೆಲವರ ಕಡತಗಳು ಕಾಣೆಯಾದಾಗ ಗೂಗಲ್ ಸಂಸ್ಥೆಯೇ ಹಾಗೆ ಎಚ್ಚರಿಸಿತ್ತು. ಖರೀದಿಪತ್ರದಂತಹವುಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ ಇಡಬೇಕೆಂದು ನಾವು ಬಿನ್ನವಿಸುತ್ತೇವೆ.