ಜನವರಿಯ ಒಂದು ಲೆಕ್ಕ ನಮ್ಮ ಹಕ್ಕಿಗಳಿಗೆ ಸಾಲದು

ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ಹಕ್ಕಿಗಳ ಜಾತ್ರೆ ನೆರೆಯುವುದು ಮಳೆಗಾಲದಲ್ಲಿ. ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ನೀರಲ್ಲಿ ನಿಂತ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುವುದು ಆಗಲೇ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆ ಮಂಡಗದ್ದೆಯದೂ ಇದೇ ಕತೆ. ಆದರೆ 1987ರಿಂದ ನಡೆಯುತ್ತಿರುವ ಏಷ್ಯಾದ ನೀರುಹಕ್ಕಿ ಗಣತಿ ಬರುವುದು ಜನವರಿಯಲ್ಲಿ. ಅಷ್ಟೊತ್ತಿಗೆ ಗೂಡು ಖಾಲಿ. ಜಾತ್ರೆ ಮುಗಿದ ಮೇಲೆ ಜನ ಎಣಿಸಿದರೆ ಎಷ್ಟು ಸಿಕ್ಕಾರು?

ಜನವರಿ ಗಣತಿ ಬೇಡ ಅಂತಲ್ಲ. ಹಿಮಾಲಯದಾಚೆಯಿಂದ ಬರುವ ಸೂಜಿಬಾಲದ ಬಾತು, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇಳಿಯುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ಸರಿಯಾದ ಕಾಲ. ಗುಡವಿಯ ಕೆಂಬರಲು ಮಾತ್ರ ಸೈಬೀರಿಯಾದ್ದಲ್ಲ, ನಮ್ಮ ದೇಶದ್ದೇ. ನೀರು, ಮೀನು, ಕಪ್ಪೆ ಇರುವಲ್ಲಿಗೆ ವಲಸೆ ಹೋಗುತ್ತದೆ. ಎರಡು ಬಗೆಯ ವಲಸೆಗೆ ಎರಡು ಲೆಕ್ಕ ಬೇಕು.

ಲೆಕ್ಕ ಯಾಕೆ ಅಂತೀರಾ? ಕೆರೆಯ ಹೂಳು ಯಾವ ತಿಂಗಳು ಎತ್ತಬೇಕು, ದಂಡೆಯ ಯಾವ ಮರ ಉಳಿಯಬೇಕು ಎಂಬ ಮಾತು ಬಂದಾಗ, "ಮೊದಲು ತುಂಬಾ ಹಕ್ಕಿ ಇದ್ವು ಸಾರ್" ಅಂದರೆ ಯಾರೂ ಬರೆದುಕೊಳ್ಳುವುದಿಲ್ಲ. "ಹೋದ ಆಗಸ್ಟಲ್ಲಿ ಈ ಮರದಲ್ಲಿ ಇಷ್ಟು ಗೂಡು ಇತ್ತು, ಈ ವರ್ಷ ಅರ್ಧ" ಅಂದರೆ ಉತ್ತರ ಕೊಡಲೇಬೇಕು.

ಇದಕ್ಕೆ ತಜ್ಞರೇ ಬೇಕು ಅನ್ನುವವರು ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ನೋಡಲಿ. ಅಲ್ಲಿ ಮನೆ ಹಿತ್ತಲ ಮರಗಳಲ್ಲೇ ಹಕ್ಕಿ ಗೂಡು ಕಟ್ಟುತ್ತವೆ, ಕಾಯುವವರು ಊರಿನವರೇ. ನಾವು ಮಾಡಬೇಕಾದ್ದು ಇಷ್ಟೇ: ಹದಿನೈದು ದಿನಕ್ಕೊಮ್ಮೆ, ಒಂದೇ ಜಾಗ, ಒಂದೇ ಹೊತ್ತು, ದೂರ ನಿಂತು ಗೂಡು ಎಣಿಸುವುದು. ಹತ್ತಿರ ಹೋದರೆ ತಾಯಿ ಹಕ್ಕಿ ಬೆದರಿ ಏಳುತ್ತದೆ, ಮರಿ ಕೆಳಗೆ ಬೀಳುತ್ತದೆ. ಹೆಸರು ಗೊತ್ತಾಗದಿದ್ದರೆ ಮೊಬೈಲಲ್ಲಿ ಫೋಟೊ ತೆಗೆದಿಟ್ಟರೆ ಸಾಕು.

ಕಾನೂನೂ ನಮ್ಮ ಕಡೆಗಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಯ ಪುಸ್ತಕವನ್ನು ಯಾವತ್ತಾದರೂ ನೋಡಿದ್ದೀರಾ? ಬೀರುವಿನಲ್ಲಿ ಬೀಗ ಹಾಕಿಡಲು ಅದೇನು ಚಿನ್ನದ ಒಡವೆಯಲ್ಲ. ಮಳೆಗಾಲದ ಗೂಡಿನ ಲೆಕ್ಕ ಅದರಲ್ಲಿ ಏರಬೇಕು, ಪಂಚಾಯಿತಿ ಬೋರ್ಡ್ ಮೇಲೂ ಬರಬೇಕು.

1942ರಲ್ಲಿ ಬ್ರಿಟಿಷರ ಕಾಲದಲ್ಲೇ ತನ್ನದೇ ಸರ್ಕಾರ ಸಾರಿದ ಊರು ನಮ್ಮ ಈಸೂರು. ಅಂಥ ಸೀಮೆಯವರು ನಮ್ಮ ಕೆರೆಯ ಹಕ್ಕಿ ಎಣಿಸಲು ಬೆಂಗಳೂರಿನ ಕಾರಿಗೆ ಕಾಯುವುದೇ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಆ ಪುಸ್ತಕ ಎಲ್ಲಿ?