ಮರಳಿನ ನಾಡಿಗೆ ಹೊರಡುವ ಮುನ್ನ



ರಜೆ ಹತ್ತಿರ ಬಂತೆಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ‘ಈ ಸಲ ಎಲ್ಲಿಗೆ?’ ಊಟಿ, ಮೈಸೂರು ನೋಡಿ ಮುಗಿಸಿದವರಲ್ಲಿ ಕೆಲವರು ರಾಜಸ್ಥಾನದ ಜೈಸಲ್ಮೇರ್‌ನತ್ತ ಮುಖ ಮಾಡುತ್ತಾರೆ. ಹೋಗಿ ಬನ್ನಿ. ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಆದರೆ ಮರುಭೂಮಿಯ ಪ್ರಯಾಣಕ್ಕೆ ಬೇರೆಯೇ ಸಿದ್ಧತೆ ಬೇಕು.

ಜೈಸಲ್ಮೇರ್ ಮತ್ತು ಬಾಡ್ಮೇರ್ ಜಿಲ್ಲೆಗಳಲ್ಲಿ 3,162 ಚದರ ಕಿ.ಮೀ. ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದೊಳಗೆ ಹಳ್ಳಿಗಳೂ ಇವೆ, ಕುರಿ ಮೇಯಿಸುವವರೂ ಇದ್ದಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಹಗಲು ಹಿತವಾದ ಬಿಸಿಲಿದ್ದರೂ ರಾತ್ರಿ ಮೈ ನಡುಗಿಸುವ ಚಳಿ. ಮಕ್ಕಳಿಗೂ ಹಿರಿಯರಿಗೂ ಸ್ವೆಟರ್ ಮರೆಯಬೇಡಿ. ಜೋಧ್‌ಪುರದವರೆಗೆ ರೈಲಿನಲ್ಲಿ ಹೋಗಿ, ಪೋಕರಣ್ ದಾರಿಯಾಗಿ ಜೈಸಲ್ಮೇರ್ ಸೇರಬಹುದು. ಉದ್ಯಾನದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಗಡಿ ಪ್ರದೇಶವಾದ್ದರಿಂದ ಎಲ್ಲರ ಗುರುತಿನ ಚೀಟಿಯೂ ಜೊತೆಗಿರಲಿ.

ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದರು. ಅಮೀರ್ ಆದವನು ಬರೇ ಆಜ್ಞೆ ಮಾಡಿದರೆ ಸಾಲದು. ಅಡುಗೆ, ಬಟ್ಟೆ, ಮಕ್ಕಳ ಹೊಣೆಯೆಲ್ಲ ಮನೆಯಾಕೆಯ ತಲೆಗೇ ಬೀಳದಂತೆ ನೋಡಿಕೊಳ್ಳುವವನೇ ನಿಜವಾದ ಅಮೀರ್. ಪ್ರಯಾಣಿಕರಿಗೆ ನಾಲ್ಕು ರಕಅತ್‌ಗಳ ನಮಾಝನ್ನು ಎರಡಾಗಿ ಕಸ್ರ್ ಮಾಡುವ ರಿಯಾಯಿತಿಯಿದೆ. ಆದ್ದರಿಂದ ‘ಪ್ರಯಾಣದಲ್ಲಿ ನಮಾಝ್ ತಪ್ಪಿತು’ ಎನ್ನಲು ನೆಪವಿಲ್ಲ.

ಅವಸರದಲ್ಲಿ ಒಂಟೆ ಸವಾರಿಯೊಂದನ್ನೇ ಮುಗಿಸಿ ಹಿಂದಿರುಗಬೇಡಿ. ಜೈಸಲ್ಮೇರ್‌ನ ಗಡಿಸರ್ ಕೆರೆಯನ್ನು ಮಕ್ಕಳಿಗೆ ತೋರಿಸಿ. ಮಳೆ ಅತಿ ವಿರಳವಾದ ಆ ಊರಿನ ಜನ ಶತಮಾನಗಳ ಕಾಲ ಆ ಮಳೆನೀರನ್ನೇ ಕೂಡಿಟ್ಟು ಬದುಕಿದರು. ಸುತ್ತಲಿನ ಹಳ್ಳಿಗಳಲ್ಲಿ ಮಾಂಗಣಿಯಾರ್ ಗಾಯಕರಿದ್ದಾರೆ. ಅವರು ಮುಸ್ಲಿಮರು, ತಲೆಮಾರುಗಳಿಂದ ರಜಪೂತ ಮನೆಗಳ ಜನನ, ಮದುವೆಗಳಲ್ಲಿ ಹಾಡುತ್ತಾ ಬಂದವರು. ಆ ಸಹಬಾಳ್ವೆಯೂ ನೋಡಬೇಕಾದದ್ದೇ.

ಇನ್ನೊಂದು ಮಾತು. ನೀರು ಸಿಗದಾಗ ಶುದ್ಧ ಮಣ್ಣಿನಿಂದ ತಯಮ್ಮುಮ್ ಮಾಡಲು ಅಲ್ಲಾಹನು ಅನುಮತಿಸಿದ್ದಾನೆ. ಭೂಮಿಯನ್ನೇ ಮಸೀದಿಯಾಗಿಯೂ ಶುದ್ಧೀಕರಣದ ಸಾಧನವಾಗಿಯೂ ಮಾಡಲಾಗಿದೆಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಹಾಗಿರುವಾಗ ಸಮ್‌ನ ಮರಳ ದಿಬ್ಬದಲ್ಲಿ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ ಎಸೆದು ಬರುವುದು ಎಂಥ ನಡತೆ? ಮಸೀದಿಯ ಚಾಪೆಯ ಮೇಲೆ ನಾವು ಹಾಗೆ ಮಾಡುತ್ತೇವೆಯೇ?

ಆ ಮಣ್ಣಿನ ಮೇಲೆ ಬೇರೆ ಜೀವಿಗಳೂ ನೆಲೆಸಿವೆ. ಒಂದು ಕಾಲದಲ್ಲಿ ನಮ್ಮ ರಾಣೆಬೆನ್ನೂರಿನ ಬಯಲಲ್ಲೂ ಕಾಣುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗೆ ಈಗ ಉಳಿದಿರುವ ಮುಖ್ಯ ನೆಲೆ ಜೈಸಲ್ಮೇರ್. ಅದು ನೆಲದ ಮೇಲೆಯೇ, ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ವಿದ್ಯುತ್ ತಂತಿಗಳಿಗೆ ಬಡಿದು ಎಷ್ಟೋ ಹಕ್ಕಿಗಳು ಸತ್ತಿವೆ. ಅದರ ಸಂತತಿ ಉಳಿಸಲು 2019ರಲ್ಲಿ ಸಮ್‌ನಲ್ಲಿ ಸಂವರ್ಧನಾ ಕೇಂದ್ರ ಆರಂಭವಾಯಿತು. ದಾರಿ ಬಿಟ್ಟು ಜೀಪು ಓಡಿಸಲು ಚಾಲಕ ಮುಂದಾದರೆ ಬೇಡವೆನ್ನಿ. ನಿಮ್ಮ ಐದು ನಿಮಿಷದ ಮೋಜಿನಲ್ಲಿ ಒಂದು ಗೂಡು ಚಕ್ರದಡಿ ಹೋಗಬಹುದು.

ತಂಬುಗಳಲ್ಲಿ ಬಕೆಟ್‌ಗಟ್ಟಲೆ ನೀರು ಸುರಿದುಕೊಳ್ಳುವಾಗ ಪಕ್ಕದ ಹಳ್ಳಿಯ ಹೆಣ್ಣುಮಗಳ ತಲೆಯ ಮೇಲಿನ ಕೊಡವನ್ನು ನೆನೆಯಿರಿ. ಹೊರಡುವ ದಿನ ಚೀಲದಲ್ಲಿ ಒಂದು ಖಾಲಿ ಸಂಚಿಯೂ ಇರಲಿ, ನಿಮ್ಮ ಕಸವನ್ನು ನೀವೇ ಮರಳಿ ತರಲಿಕ್ಕೆ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಗಮಗೊಳಿಸಲಿ.