ಗೋಪುರವೋ, ಹೆಂಚೋ?

ಗೋವಿನಕೋವಿ ಕಡೆಯ ಪರಿಚಯದ ಮೇಷ್ಟ್ರೊಬ್ಬರು ಮೊನ್ನೆ ಬಂದಿದ್ದರು. ಕ್ರೈಸ್ತರು. ಅವರ ಸಭೆಗೆ ಸೇರಿದ್ದು ಮೂವತ್ತೋ ನಲವತ್ತೋ ಮನೆ, ಹೆಚ್ಚಿನವರು ಕೂಲಿಯವರು. ಪ್ರಾರ್ಥನೆಗೆ ಕೂರುವ ತಗಡಿನ ಕಟ್ಟಡ ಸೋರುತ್ತದೆ. ಹೊಸದು ಕಟ್ಟುವುದಾದರೆ ಗೋಪುರ, ಗ್ರಾನೈಟು ಎಲ್ಲ ಇರಲಿ ಎಂದು ಹುಡುಗರು. ಆ ದುಡ್ಡಿನಲ್ಲಿ ನಾಲ್ಕು ಮಕ್ಕಳನ್ನು ಕಾಲೇಜಿಗೆ ಕಳಿಸೋಣ ಎಂದು ಹಿರಿಯರು. 'ನೀವೇನಂತೀರಿ ಸಾರ್?' ಎಂದರು.

ಹೊರಗಿನವನು ನಾನೇನು ಹೇಳಲಿ? ಸ್ಥಾವರವೋ ಜಂಗಮವೋ ಎಂಬ ಈ ತಕರಾರನ್ನು ಬಸವಣ್ಣನವರು ಹನ್ನೆರಡನೇ ಶತಮಾನದಲ್ಲೇ ಎತ್ತಿದ್ದರು. ಅವರ ಹೆಸರು ಹೇಳುವ ನಾವು ಮಠಗಳಿಗೆ ಕಲ್ಲು ಹೊರುವುದನ್ನು ಬಿಟ್ಟಿಲ್ಲ.

ಹಾಸನದ ಬಳಿಯ ಶೆಟ್ಟಿಹಳ್ಳಿಯ ಇಗರ್ಜಿ ನೆನಪಾಯಿತು. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗಾರೆಗೆ ಬೆಲ್ಲ, ಮೊಟ್ಟೆ ಕಲೆಸಿದ್ದರಂತೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರು ಬಂತು, ಜನ ಎದ್ದುಹೋದರು. ಇಗರ್ಜಿ ಮಾತ್ರ ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ಬಯಲಿನಲ್ಲಿ, ಮಾಡಿಲ್ಲದೆ ನಿಂತಿದೆ. ನೋಡಲು ಹೋಗುವವರು ಬಹಳ, ಪೂಜೆಗೆ ಕೂರುವವರಿಲ್ಲ. ಕೆಲಸ ಗಟ್ಟಿಯಾಗಿಯೇ ಇತ್ತು. ಊರೇ ಉಳಿಯಲಿಲ್ಲ.

ಮಂಗಳೂರಿನ ಬಾಸೆಲ್ ಮಿಷನ್ನಿನವರ ಲೆಕ್ಕ ಬೇರೆ. ಮತಾಂತರವಾದವರಿಗೆ ಜಾತಿಯ ಜೊತೆ ಕಸುಬೂ ತಪ್ಪಿತ್ತು. ಅವರ ಹೊಟ್ಟೆಪಾಡಿಗೆಂದು ನೇಯ್ಗೆ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ದೇವರ ಮನೆಗಿಂತ ದೊಡ್ಡ ಕಟ್ಟಡ ಅದೇ ಎನ್ನಬೇಕು. ಆ ಮಾದರಿಯ ಹೆಂಚು ಘಟ್ಟ ಹತ್ತಿ ಬಂದು, ನಮ್ಮ ಕಡೆಯ ಲಿಂಗಾಯತರ, ಕುರುಬರ, ಸಾಬರ ಮನೆಗಳ ಮೇಲೂ ಕೂತಿತು. ಇಷ್ಟು ಜನಕ್ಕೆ ನೆರಳು ಕೊಟ್ಟ ಗೋಪುರ ನನಗೆ ಗೊತ್ತಿಲ್ಲ.

ಹಾಗೆಂದು ಚೆಂದದ ಕಟ್ಟಡ ದಂಡ ಎನ್ನಲಾರೆ. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದರ ಜೋಡಿ ಗೋಪುರ ಈಗ ಕ್ರೈಸ್ತರದಷ್ಟೇ ಅಲ್ಲ, ಊರಿನದು. ಬಡವನಿಗೂ ವಾರಕ್ಕೊಮ್ಮೆ ತಲೆ ಎತ್ತಿ ನೋಡಲು ಒಂದು ಎತ್ತರ ಬೇಕು. ಅವನ ಮನೆಯಲ್ಲಿ ಅದು ಸಿಗುವುದಿಲ್ಲ. ಆದರೆ ಅರಮನೆಯ ಊರಿಗೆ ಸಲ್ಲುವುದು ಕೂಲಿಯವರ ಸಭೆಗೆ ಸಾಲವಾಗುತ್ತದೆ.

'ಗೋಡೆ ದಪ್ಪ ಇರಲಿ, ಮಾಡು ಸೋರದಿರಲಿ, ಕಿಟಕಿ ದೊಡ್ಡದಿರಲಿ. ಇದರಲ್ಲಿ ಜಿಪುಣತನ ಬೇಡ. ವಾರದ ದಿನ ಮಕ್ಕಳು ಅಲ್ಲೇ ಕೂತು ಓದಲಿ. ಗೋಪುರ, ಗ್ರಾನೈಟು ಈಗ ಬೇಡ' ಎಂದೆ.

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು.

'ಗೋಪುರ ಬೇಡ ಅನ್ನೋದನ್ನ ನಮ್ಮ ಹುಡುಗರಿಗೆ ನೀವೇ ಬಂದು ಹೇಳಿ ಸಾರ್' ಎಂದರು.